ಹರಿಯದ ತೋಳು

ನರ್ಸಮ್ಮನ ಅಂಗಿಯ ಮೂರನೆಯ ಗುಂಡಿಯನ್ನು ಬ್ಲೇಡಿನ ಮೂಲೆಯಿಂದ ಬಿಡಿಸುತ್ತಿದ್ದಾಗ, ಇದನ್ನು ಹೊಲಿದವರು ಯಾರೋ ಕೆಲಸ ಬಲ್ಲವರು ಎಂದು ಟೈಲರಮ್ಮನಿಗೆ ಅನ್ನಿಸಿತು. ದಾರ ಸುಲಭಕ್ಕೆ ಬಿಡುವಂತಿರಲಿಲ್ಲ. ಗುಂಡಿಯ ಬುಡಕ್ಕೆ ನಾಲ್ಕು ಸುತ್ತು ಸುತ್ತಿ, ಒಳಗಡೆ ಗಂಟು ಹಾಕಿ, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದ್ದರು. ಮರುಕ್ಷಣವೇ ಆ ಕೈ ಯಾರದೆಂದು ಗುರುತು ಹತ್ತಿತು. ತನ್ನದೇ. ಹೋದ ವರ್ಷ ಇದೇ ಸ್ಟೂಲಿನ ಮೇಲೆ, ಇದೇ ಕಿಟಕಿಯ ಬೆಳಕಿನಲ್ಲಿ ಕೂತು ಹಾಕಿದ ಗುಂಡಿ. ಟೈಲರಮ್ಮ ಹಾಕಿದ ಗುಂಡಿ ಉದುರಬೇಕಾದರೆ ಮೊದಲು ಅಂಗಿ ಹರಿಯಬೇಕು ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ಅವಳಿಗೆ ಅದು ತಮಾಷೆಯಾಗಿ ಎಂದೂ ಕೇಳಿಸಿರಲಿಲ್ಲ, ಕೇಳಿದಾಗಲೆಲ್ಲ ಒಳಗೊಳಗೇ ಒಂದು ಗೇಣು ಉಬ್ಬಿದ್ದಳು. ಈಗ ಬ್ಲೇಡು ಜಾರಿ ಹೆಬ್ಬೆರಳಿಗೆ ತಗುಲಿತು. ಬಿಳಿ ಅಂಗಿಗೆ ರಕ್ತ ಆಗಬಾರದೆಂದು ಬೆರಳನ್ನು ಬಾಯಿಗಿಟ್ಟುಕೊಂಡಳು.

“ಅವಸರ ಇಲ್ಲ, ನಿಧಾನವಾಗಿ ಮಾಡು,” ಎಂದರು ಎದುರಿನ ಬೆಂಚಿನಲ್ಲಿ ಕೂತಿದ್ದ ನರ್ಸಮ್ಮ. “ಎಲ್ಲಾ ಗುಂಡಿ ಕಿತ್ತು ಟಿಚ್ ಬಟನ್ ಹಾಕ್ಬಿಡು. ಎಡಗೈಯಲ್ಲಿ ಒತ್ತಿದ್ರೆ ಟಪ್ ಅಂತ ಕೂತ್ಕೋಬೇಕು. ದಿನಾ ಬೆಳಿಗ್ಗೆ ಆಯಾನ ಕರೆದು, ಅಂಗಿಗೆ ಗುಂಡಿ ಹಾಕಮ್ಮಾ ಅಂತ ನಿಂತ್ಕೊಳ್ಳೋಕೆ ನಾಚಿಕೆಯಾಗುತ್ತೆ ಕಣೆ. ಈ ವಯಸ್ಸಲ್ಲಿ ನಾನೇನು ಎಳೇ ಮಗೂನಾ?”

ಅವರ ಬಲಗೈ ತೊಡೆಯ ಮೇಲಿತ್ತು. ಪ್ಲಾಸ್ಟರ್ ಬಿಚ್ಚಿ ನಾಲ್ಕು ದಿನವಾಗಿತ್ತು. ಕೈ ಬಿಳಿಚಿಕೊಂಡು, ಬೆರಳುಗಳು ಅರ್ಧಕ್ಕೆ ಮಡಿಸಿಕೊಂಡು, ಯಾರೋ ಬಿಟ್ಟುಹೋದ ಸಾಮಾನಿನಂತೆ ಬಿದ್ದಿತ್ತು. ಇಪ್ಪತ್ತು ವರ್ಷ ಈ ಊರಿನ ಮಕ್ಕಳಿಗೆಲ್ಲ ನೋವಾಗದ ಹಾಗೆ ಸೂಜಿ ಚುಚ್ಚಿದ ಕೈ ಅದು. ಇಬ್ಬರದೂ ಸೂಜಿಯ ಉದ್ಯೋಗವೇ, ನೀನು ಸತ್ತ ಬಟ್ಟೆಗೆ, ನಾನು ಬದುಕಿರೋ ಚರ್ಮಕ್ಕೆ ಎಂದು ಅವರೇ ಒಮ್ಮೆ ನಕ್ಕಿದ್ದರು. ಟೈಲರಮ್ಮ ಆ ಕೈಯ ಕಡೆ ನೋಡದೆ ನಾಲ್ಕನೆಯ ಗುಂಡಿಗೆ ಬ್ಲೇಡು ಹಾಕಿದಳು. ಆರು ವಾರದಿಂದ ಅವಳು ಹೀಗೆಯೇ, ನೋಡಬೇಕಾದ್ದನ್ನು ಬಿಟ್ಟು ಅದರ ಪಕ್ಕದ್ದನ್ನು ನೋಡುತ್ತ ಬಂದಿದ್ದಳು. ಮೈದಾನದ ಕಡೆಯ ಕಿಟಕಿ ಮುಚ್ಚಿ ಅದರ ಮೇಲೆ ಕ್ಯಾಲೆಂಡರು ನೇತುಹಾಕಿದ್ದಳು. ನೀರಿಗೆ ಹೋಗುವಾಗ ತಲೆ ತಗ್ಗಿಸಿ ನಡೆಯುತ್ತಿದ್ದಳು. ತಲೆ ಎತ್ತಿದರೆ ಕಂಬ ಕಾಣುತ್ತದೆ, ಕಂಬದ ತುದಿಯಲ್ಲಿ ತಾನು ಹೊಲಿದ ತೋಳು ಕಾಣುತ್ತದೆ.

ಎಲ್ಲರೂ ಅದನ್ನು ಗಾಳಿಚೀಲ ಎನ್ನುತ್ತಿದ್ದರು. ಅವಳು ಮಾತ್ರ ಮೊದಲ ದಿನದಿಂದ ತೋಳು ಎಂದೇ ಕರೆದದ್ದು, ಯಾಕೆಂದರೆ ಕತ್ತರಿಸುವ ಲೆಕ್ಕದಲ್ಲಿ ಅದು ಒಂದು ದೊಡ್ಡ ಅಂಗಿಯ ತೋಳೇ. ಬುಡದಲ್ಲಿ ಅಗಲ, ಹೋಗುತ್ತ ಹೋಗುತ್ತ ಕಿರಿದು, ಎರಡೂ ಕಡೆ ಬಾಯಿ. ವಿಮಾನ ಇಳಿಯುವ ಮೈದಾನದ ಪಕ್ಕದ ಕಂಬದಲ್ಲಿ, ತಿರುಗುವ ಕಬ್ಬಿಣದ ಬಳೆಗೆ ಅದನ್ನು ಕಟ್ಟುತ್ತಾರೆ. ಗಾಳಿ ತುಂಬಿಕೊಂಡು ಅದು ಎತ್ತ ಚಾಚುತ್ತದೋ ಗಾಳಿ ಅತ್ತ ಹೋಗುತ್ತಿದೆ ಎಂದು ಅರ್ಥ. ಎಷ್ಟು ನೆಟ್ಟಗೆ ಚಾಚುತ್ತದೋ ಗಾಳಿ ಅಷ್ಟು ಜೋರು. ಈ ಮೈದಾನದಲ್ಲಿ ವೈರ್‌ಲೆಸ್ ಇಲ್ಲ, ದೀಪವಿಲ್ಲ, ಇರುವುದು ಜಲ್ಲಿ ಹಾಸಿದ ಒಂದು ಪಟ್ಟಿ, ಒಂದು ಕಂಬ, ಮತ್ತು ನಾಯಿ ದನ ಓಡಿಸಲು ಅವಳ ಅಣ್ಣ. ಮೇಲಿರುವವನಿಗೆ ಕೆಳಗಿನಿಂದ ಹೋಗುವ ಮಾತೆಂದರೆ ಆ ತೋಳೊಂದೇ. ವಾರಕ್ಕೊಂದು ಸಲ ಔಷಧಿ, ಅಂಚೆ, ಒಬ್ಬಿಬ್ಬರು ಜನರನ್ನು ಹೊತ್ತ ಪುಟ್ಟ ವಿಮಾನ ಬಂದು ತಲೆಯ ಮೇಲೆ ಒಂದು ಸುತ್ತು ಹಾಕಿ, ತೋಳನ್ನು ನೋಡಿ, ಗಾಳಿಗೆ ಎದುರಾಗಿ ಇಳಿಯುತ್ತಿತ್ತು, ಎದುರುಗಾಳಿ ತಡೆದರೆ ತಾನೇ ಅದು ಬೇಗ ನಿಲ್ಲುವುದು. ತೋಳು ಜೋತುಬಿದ್ದಿದ್ದರೆ ಗಾಳಿ ಇಲ್ಲ, ಯಾವ ಕಡೆಯಿಂದ ಇಳಿದರೂ ಒಂದೇ. ಪೈಲಟ್ ಇದನ್ನೆಲ್ಲ ಅವಳಿಗೆ ಒಮ್ಮೆ ಬೆರಳು ತಿರುಗಿಸಿ ತಿರುಗಿಸಿ ಹೇಳಿಕೊಟ್ಟಿದ್ದ. ಪಟ್ಟಣದಿಂದ ಅವಳ ಮಿಷನ್ನಿಗೆ ಹೊಸ ಬೆಲ್ಟು ತಂದುಕೊಟ್ಟ ದಿನ ಅದು, ಪ್ಯಾಂಟಿನ ಸೊಂಟ ಸಡಿಲಿಸಿಕೊಡಿ ಟೈಲರಮ್ಮ, ಆಕಾಶದಲ್ಲಿ ಕೂತು ಕೂತು ಹೊಟ್ಟೆ ಬರ್ತಿದೆ ಎಂದು ಈ ಬೆಂಚಿನ ಮೇಲೇ ಕೂತಿದ್ದ. ಅವಳಿಗೆ ಎಲ್ಲವೂ ಅರ್ಥವಾಗಿತ್ತು. ಅರ್ಥವಾಗಿರಲಿಲ್ಲ ಎನ್ನುವಂತಿದ್ದರೆ ಎಷ್ಟು ಚೆನ್ನಾಗಿತ್ತು.

“ಇವತ್ತು ಬಂದಿದಾರಲ್ಲ, ತನಿಖೆಯವರು,” ಎಂದರು ನರ್ಸಮ್ಮ. “ಜೀಪಲ್ಲಿ ಆ ಪೈಲಟ್‌ನನ್ನೂ ಕರ್ಕೊಂಡು ಬಂದಿದಾರೆ. ಗಾಳಿಚೀಲ ನೋಡ್ದೇ ಇಳಿಸಿದ್ದು ನನ್ನ ತಪ್ಪು ಅಂತ ಇಲ್ಲೇ ಬರೆದು ಸಹಿ ಹಾಕ್ತಾನಂತೆ. ನಾಲ್ಕು ಗಂಟೆಗೆ ಜೀಪು ಹೊರಡುತ್ತೆ. ಹಾಕ್ಲಿ. ಊರಲ್ಲಿ ಬಟ್ಟೆ ಹಾರಿಹೋಗೋ ಹಾಗೆ ಗಾಳಿ ಬೀಸ್ತಿದ್ರೆ ಇವನ ಕಣ್ಣು ಎಲ್ಲಿತ್ತು? ಇನ್ನು ಜನ್ಮದಲ್ಲಿ ಅವನು ವಿಮಾನ ಮುಟ್ಬಾರ್ದು. ನಾನು ಸಿರಿಂಜ್ ಮುಟ್ಟೋ ಹಾಗಿಲ್ಲ, ಅವನು ಮಾತ್ರ ವಿಮಾನ ಮುಟ್ಟೋದಾ?”

ಬಟ್ಟೆ ಹಾರಿಹೋಗುವ ಹಾಗೆ. ಹೌದು, ಹಾರಿಹೋಗುತ್ತಿತ್ತು. ಆ ದಿನ ಹಿತ್ತಿಲಲ್ಲಿ ಅವಳು ಒಣಹಾಕಿದ ಹೊದಿಕೆ ಹಗ್ಗದ ಮೇಲೆ ಅಡ್ಡಡ್ಡ ಮಲಗಿಕೊಂಡಿತ್ತು, ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು ಅದನ್ನು ಹಿಡಿಯಲು ಹೋದವಳು ತಲೆ ಎತ್ತಿ ಕಂಬ ನೋಡಿದ್ದಳು. ಹೊದಿಕೆ ಹಾರುತ್ತಿದೆ, ಅಣ್ಣನ ಷೆಡ್ಡಿನ ತಗಡು ಬಡಿದುಕೊಳ್ಳುತ್ತಿದೆ, ತೋಳು ಮಾತ್ರ ಊಟ ಮಾಡಿ ಮಲಗಿದವರ ಕೈಯಂತೆ ಕಂಬಕ್ಕೆ ಒರಗಿ ಚೂರೇ ಚೂರು ತೂಗುತ್ತಿದೆ. ಹಳೆಯ ತೋಳು ಕೊಡೆಬಟ್ಟೆಯದು, ಇಂಥ ಗಾಳಿಗೆ ಪಟಪಟ ಬಡಿದುಕೊಂಡು ಎರಡು ತಿಂಗಳಿಗೆ ಅಂಚು ಚಿಂದಿಯಾಗುತ್ತಿತ್ತು. ಪ್ರತಿ ಸಲವೂ ಅಣ್ಣ ಹೊತ್ತುಕೊಂಡು ಬಂದು, ಮತ್ತೆ ಹರೀತು ನೋಡು ಮಾರಾಯ್ತಿ ನಿನ್ನ ಹೊಲಿಗೆ, ಎನ್ನುತ್ತಿದ್ದ. ನಿನ್ನ ಹೊಲಿಗೆ! ಹರಿದದ್ದು ಬಟ್ಟೆ, ಹೊಲಿಗೆಯಲ್ಲ, ಆದರೆ ಆ ಮಾತು ಮುಳ್ಳಿನಂತೆ ನಾಟಿತ್ತು. ಈ ಸಲ ಅವಳು ಲಾರಿಗೆ ಹೊದಿಸುವ ಟಾರ್ಪಾಲು ತರಿಸಿದಳು. ಎರಡು ಪದರ ಮಾಡಿದಳು. ಹೊಲಿಗೆಯ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಹೊಲಿಗೆ. ಮೂರು ಸೂಜಿ ಮುರಿದವು. ಬಡಿದುಕೊಳ್ಳುವುದೇ ಬೇಡವೆಂದು ತುದಿಯ ಬಾಯಿಯನ್ನು ನಾಲ್ಕು ಬೆರಳು ಕಿರಿದು ಮಾಡಿದಳು. ಇನ್ನು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಹರಿಯಲ್ಲ, ತಗೋ, ಎಂದು ಅಣ್ಣನ ಕೈಗಿಟ್ಟಳು. ಆ ದಿನ, ಹಾರುವ ಹೊದಿಕೆಯನ್ನು ತಬ್ಬಿ ಹಿಡಿದುಕೊಂಡು, ಅಲುಗದ ತೋಳನ್ನು ನೋಡಿ ಅವಳಿಗೆ ಆದದ್ದು ಸಂತೋಷ. ನೋಡು, ಹೇಗೆ ಗಟ್ಟಿಯಾಗಿ ನಿಂತಿದೆ, ಹುಚ್ಚರ ಹಾಗೆ ಕುಣಿಯುತ್ತಿಲ್ಲ, ಎಂದುಕೊಂಡಳು. ಎಂದುಕೊಂಡದ್ದು ಮುಗಿಯುವುದರೊಳಗೆ ವಿಮಾನದ ಸದ್ದು ಬಂತು. ಪೈಲಟ್ ಒಂದು ಸುತ್ತು ಹಾಕಿದ. ನೋಡಿಯೇ ಹಾಕಿದ. ಆಮೇಲೆ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಇಳಿಸಿದ. ವಿಮಾನ ನೆಲ ಮುಟ್ಟಿತು, ಓಡಿತು, ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ, ಜಲ್ಲಿ ಮುಗಿದರೂ ನಿಲ್ಲಲಿಲ್ಲ, ಕೊನೆಯ ಹಳ್ಳಕ್ಕೆ ಮೂಗು ಇಟ್ಟು ಬಾಲ ಎತ್ತಿತು. ಒಳಗೆ ಪಟ್ಟಣದಿಂದ ವಾಪಸ್ ಬರುತ್ತಿದ್ದ ನರ್ಸಮ್ಮ ಇದ್ದರು. ಅವಳ ಬಾಯಿಂದ ಕ್ಲಿಪ್ಪು ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ.

“ಏನೇ, ಕೇಳಿಸ್ತಾ? ಹಾಕ್ಕೊಡ್ತೀಯಾ ಇವತ್ತು?”

“ಇದೊಂದು ಈಗಲೇ ಆಗುತ್ತೆ ನರ್ಸಮ್ಮ, ಹಾಕ್ಕೊಂಡೇ ಹೋಗಿ. ಉಳಿದೆರಡು ಅಂಗಿ ನಾಳೆಗೆ.”

ಐದು ಟಿಚ್ ಬಟನ್ ಕೂರಿಸಿ, ಅಂಗಿ ತೊಡಿಸಿ, ಪರದೆಯ ಹಿಂದೆ ನಿಂತು ನೋಡಿದಳು. ನರ್ಸಮ್ಮ ಎಡಗೈಯ ಹೆಬ್ಬೆರಳಿನಿಂದ ಒಂದೊಂದೇ ಒತ್ತಿದರು, ಟಪ್, ಟಪ್. ಐದನೆಯದು ಕೂತಾಗ ಅವರ ಮುಖ ಅರಳಿತು. “ನಿನ್ನ ಕೈಗೆ ಚಿನ್ನದ ಬಳೆ ತೊಡಿಸ್ಬೇಕು ಕಣೆ,” ಎಂದು ಆ ನೆಟ್ಟಗಿದ್ದ ಕೈಯಿಂದ ಅವಳ ಗಲ್ಲ ಮುಟ್ಟಿ ಹೋದರು. ಟೈಲರಮ್ಮ ಅವರು ಮುಟ್ಟಿದ ಜಾಗವನ್ನು ಸೆರಗಿನಿಂದ ಒರೆಸಿಕೊಂಡಳು. ಹೊಗಳಿಕೆ ಇಷ್ಟು ಉರಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಗಡಿಯಾರ ನೋಡಿದಳು, ಹನ್ನೊಂದಕ್ಕೆ ಹತ್ತು ನಿಮಿಷ. ಇವತ್ತು ಹೇಳಲೇಬೇಕು. ನಾಲ್ಕು ಗಂಟೆಯಾದ ಮೇಲೆ ಹೇಳಿದರೆ ಅದು ಹೇಳಿದ್ದಲ್ಲ, ಗೊಣಗಿದ್ದು.

ಮೈದಾನದ ಕಚೇರಿ ಎಂದರೆ ತಗಡು ಹೊದಿಸಿದ ಒಂದೇ ಕೋಣೆ, ಮುಂದೆ ಗೇಣಗಲದ ಜಗಲಿ. ಜಗಲಿಯಲ್ಲಿ ಪೈಲಟ್ ಕೂತಿದ್ದ. ಹಣೆಯ ಮೇಲೆ ಹೊಲಿಗೆಯ ಗುರುತು. ಆಸ್ಪತ್ರೆಯವರು ಹೊಲಿದದ್ದು, ಅಂಕುಡೊಂಕು, ಇವಳಾಗಿದ್ದರೆ ಸಾಲು ಹೀಗೆ ಹೋಗಲು ಬಿಡುತ್ತಿರಲಿಲ್ಲ. ಅವಳನ್ನು ಕಂಡು ಏಳಲು ಹೋದ, ಕಾಲು ಬರದೆ ಅಲ್ಲೇ ಕೂತ. ಪ್ಯಾಂಟು ಅವಳೇ ಸಡಿಲಿಸಿಕೊಟ್ಟದ್ದು, ಈಗ ಸೊಂಟದಲ್ಲಿ ಎರಡು ಮಡಿಕೆ ಬಿದ್ದಿತ್ತು.

“ಚೆನ್ನಾಗಿದೀರಾ ಟೈಲರಮ್ಮ? ನಿಮ್ಮನ್ನೊಂದು ಮಾತು ಕೇಳ್ಲಾ? ನಗಬಾರ್ದು.”

“ಕೇಳಿ.”

“ಅವತ್ತು ನಾನು ನೋಡ್ದೆ. ನಂಗೆ ಚೆನ್ನಾಗಿ ಜ್ಞಾಪಕ ಇದೆ, ಚೀಲ ಜೋತುಬಿದ್ದಿತ್ತು. ಆದ್ರೆ ನಿಮ್ಮಣ್ಣ ಹೊಸಾ ಚೀಲ, ಸರಿಯಾಗೇ ಇತ್ತು ಅಂತಾರೆ. ಊರವರೆಲ್ಲ ಗಾಳಿ ಜೋರಿತ್ತು ಅಂತಾರೆ. ಹೋದ ಸಲ ಅಧಿಕಾರಿ ಬಂದ ದಿನ ಚೀಲ ಕೋಲಿನ ಹಾಗೆ ನೆಟ್ಟಗೆ ನಿಂತಿತ್ತಂತೆ. ಹಾಗಿದ್ರೆ ನಾನು ನೋಡಿದ್ದೇನು? ಕಣ್ಣು ಪರೀಕ್ಷೆ ಮಾಡಿದ್ರು, ಸರಿ ಇದೆ. ಕಣ್ಣು ಸರಿ ಇದ್ದು ಇಲ್ಲದ್ದು ಕಂಡ್ರೆ, ಕೆಟ್ಟಿರೋದು ತಲೆ ತಾನೇ? ರಾತ್ರಿ ಹೆಂಡ್ತಿ ದೀಪ ಆರಿಸಿದ್ಯಾ ಅಂದ್ರೆ ಎರಡು ಸಲ ಎದ್ದು ಹೋಗಿ ನೋಡ್ತೀನಿ. ಅದಕ್ಕೇ ನೋಡ್ಲೇ ಇಲ್ಲ ಅಂತ ಬರೆದುಕೊಟ್ಟುಬಿಡ್ತೀನಿ. ನೋಡ್ಲಿಲ್ಲ ಅನ್ನೋದು ವಾಸಿ.”

ಅವನು ನಕ್ಕ. ಅವಳು ಬಾಯಿ ತೆರೆದಳು, ಆದರೆ ಹೊರಗೆ ಬಂದದ್ದು, “ಪ್ಯಾಂಟು ಸಡಿಲ ಆಗಿದೆ,” ಎಂಬ ಮಾತು. ಥೂ, ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಹೋದಳು. ಹೋದ ಸಲ ಅಧಿಕಾರಿ ಬಂದ ದಿನ ಹಂಚು ಹಾರುವ ಬಿರುಗಾಳಿಯಿತ್ತು. ಅಂಥ ಗಾಳಿಗೆ ಟಾರ್ಪಾಲೂ ಏಳುತ್ತದೆ, ಬಂಡೆಯೂ ಏಳುತ್ತದೆ. ಅವತ್ತೇ ಗಾಳಿ ಸ್ವಲ್ಪ ಕಡಿಮೆ ಇದ್ದಿದ್ದರೆ, ಯಾರೂ ಏನೂ ಹೇಳದೆಯೇ ಎಲ್ಲವೂ ಬಯಲಾಗುತ್ತಿತ್ತು. ತನ್ನ ಬದಲು ಗಾಳಿ ಹೇಳಲಿ ಎಂದು ಆರು ವಾರ ಕಾದವಳಿಗೆ ಈಗ ತನ್ನ ಮೇಲೇ ಹೇಸಿಗೆಯಾಯಿತು.

ಅಧಿಕಾರಿ ಒಳ್ಳೆಯ ಮನುಷ್ಯ, ದಣಿದಿದ್ದ. ಮೇಜಿನ ಮೇಲೆ ಫಾರ್ಮು, ಅದರ ಮೇಲೆ ಕಾಗದ ಹಾರದಂತೆ ಇಟ್ಟ ಕಲ್ಲು. ಮೂಲೆಯಲ್ಲಿ ಅಣ್ಣ ಕೈಕಟ್ಟಿ ನಿಂತಿದ್ದ. ತಂಗಿಯನ್ನು ಕಂಡದ್ದೇ ಅವನ ಮುಖ ಗಂಟಿಕ್ಕಿತು.

“ಬಾಮ್ಮಾ, ಒಳ್ಳೆ ಹೊತ್ತಿಗೆ ಬಂದೆ,” ಎಂದ ಅಧಿಕಾರಿ. “ಟೈಲರ್ ಅಂತೆ ಅಲ್ವಾ ನೀನು? ನನ್ನ ಕೋಟಿನ ಲೈನಿಂಗ್ ಬಿಟ್ಟುಹೋಗಿದೆ, ಕೈ ಹಾಕಿದ್ರೆ ಕೈ ಎಲ್ಲೆಲ್ಲೋ ಹೋಗುತ್ತೆ. ಜೀಪು ಹೊರಡೋದ್ರೊಳಗೆ ಒಂದಿಷ್ಟು ಹೊಲಿಗೆ ಹಾಕ್ಕೊಟ್ಟುಬಿಡಮ್ಮ.”

“ಸರ್, ನಾನು ಗಾಳಿಚೀಲದ ವಿಚಾರ…”

“ಅದಾಯ್ತಲ್ಲ. ಹರಿದಿತ್ತೇ? ಇಲ್ಲ. ಬಣ್ಣ ಮಾಸಿತ್ತೇ? ಇಲ್ಲ. ಬಳೆ ಸರಾಗ ತಿರುಗುತ್ತಿತ್ತೇ? ಹೌದು. ನಿಮ್ಮಣ್ಣ ಸಹಿ ಹಾಕಿದಾರೆ.” ಅವನು ಫಾರ್ಮಿನ ಮೇಲೆ ಬೆರಳಾಡಿಸಿ ತೋರಿಸಿದ. “ನೀನೇ ಹೊಲಿದದ್ದು ಅಂದ್ರು. ಒಳ್ಳೆ ಕೆಲಸ. ಇಷ್ಟು ಗಟ್ಟಿ ಚೀಲ ನಾನು ಎಲ್ಲೂ ನೋಡಿಲ್ಲ.”

“ಅದೇ ಸರ್…”

“ನೀನು ಹೋಗು ಪುಟ್ಟಿ, ಸಾಹೇಬ್ರಿಗೆ ಹೊತ್ತಾಗುತ್ತೆ,” ಎಂದ ಅಣ್ಣ. ಕೋಟು ಅವಳ ಕೈಗೆ ಬಂತು. ಕೈಗೆ ಕೋಟು ಕೊಟ್ಟರೆ ಟೈಲರು ಏನು ಮಾಡುತ್ತಾಳೆ, ಹಿಡಿದುಕೊಳ್ಳುತ್ತಾಳೆ. ಹಿಡಿದುಕೊಂಡೇ ಹೊರಗೆ ಬಂದಳು. ಪೈಲಟ್ ಜಗಲಿಯಲ್ಲಿ ಕಣ್ಣ ಮುಂದೆ ತನ್ನ ಬೆರಳುಗಳನ್ನು ಹಿಡಿದು ಎಣಿಸುತ್ತಿದ್ದವನು, ಅವಳನ್ನು ಕಂಡು ಕೈ ಇಳಿಸಿದ.

ಮನೆಯಲ್ಲಿ ಕೋಟಿನ ಲೈನಿಂಗಿಗೆ ಸೂಜಿ ಹಾಕಿ ಮೂರು ಹೊಲಿಗೆ ಹೊಲಿದಳು. ಅಷ್ಟರಲ್ಲಿ ಸಿಟ್ಟು ಬಂತು. ಅಧಿಕಾರಿಯ ಮೇಲಲ್ಲ, ತನ್ನ ಕೈಗಳ ಮೇಲೆ. ಬಾಯಿ ಹೇಳಬೇಕಾದ್ದನ್ನು ಹೇಳಲು ಹೋದಾಗಲೆಲ್ಲ ಈ ಕೈಗಳು ಮುಂದೆ ಬಂದು ಏನೋ ಒಂದು ಕೆಲಸ ಹಿಡಿದುಕೊಂಡುಬಿಡುತ್ತವೆ. ಸರಿ, ಕೈಗಳೇ ಹೇಳಲಿ. ಕೋಟನ್ನು ಪಕ್ಕಕ್ಕೆ ಹಾಕಿ ಎದ್ದಳು. ಮಿಷನ್ನಿಗೆ ಧೂಳು ಕೂರದಂತೆ ಹೊದಿಸಿದ್ದ ಬಟ್ಟೆಯನ್ನು ಎಳೆದಳು. ಅದೇ ಹಳೆಯ ತೋಳು, ಬಿಸಿಲಿಗೆ ಬಣ್ಣ ಹೋದ ಕೊಡೆಬಟ್ಟೆ, ಅಂಚು ಚಿಂದಿ. ಅದನ್ನು ಬಿಚ್ಚಿ ಅಳತೆ ತೆಗೆದು, ಪೆಟ್ಟಿಗೆಯ ತಳದಿಂದ ಉಳಿದಿದ್ದ ಕೊಡೆಬಟ್ಟೆಯ ಸುರುಳಿ ತೆಗೆದು ನೆಲದ ಮೇಲೆ ಹಾಸಿದಳು. ಸೀಮೆಸುಣ್ಣ ಎಳೆದಳು. ಒಂದೇ ಪದರ. ಒಂದೇ ಹೊಲಿಗೆ. ತುದಿಯ ಬಾಯಿ ಮೊದಲಿನಷ್ಟೇ ಅಗಲ. ಕತ್ತರಿ ಹಾಕಿದಳು.

ಬಾಗಿಲಲ್ಲಿ ನೆರಳು ಬಿತ್ತು. ಅಣ್ಣ. ಚಪ್ಪಲಿ ಬಿಡದೆ ಹೊಸ್ತಿಲ ಮೇಲೇ ನಿಂತ. ನೆಲದ ಮೇಲಿನ ಬಟ್ಟೆ ನೋಡಿದ, ಆಕಾರ ನೋಡಿದ, ಎಲ್ಲ ಅರ್ಥವಾಯಿತು.

“ಏನೇ ಇದು?”

“ತೋಳು.”

“ಕಂಬದ ಮೇಲೆ ಒಂದು ಇದೆಯಲ್ಲ.”

“ಅದು ತೋಳಲ್ಲ ಅಣ್ಣ, ಗೋಣಿಚೀಲ. ನಿಂಗೂ ಗೊತ್ತು.”

ಅವನು ಬೆಂಚಿನ ಮೇಲೆ ಕುಸಿದು ಕೂತ. ಬೆಳಿಗ್ಗೆ ನರ್ಸಮ್ಮ ಕೂತಿದ್ದ ಜಾಗ. “ಪುಟ್ಟೀ, ನನ್ನ ಮಾತು ಕೇಳು. ಬಾಯಿಗೆ ಹೊಲಿಗೆ ಹಾಕ್ಕೊಂಡು ಇವತ್ತೊಂದು ದಿನ ಸುಮ್ನೆ ಕೂತ್ಕೋ. ಪೈಲಟ್ ಓದಿದವನು, ಇದಲ್ಲದಿದ್ರೆ ಇನ್ನೊಂದು. ನಂಗೇನಿದೆ? ದಿನಾ ಬೆಳಿಗ್ಗೆ ಚೀಲ ಪರೀಕ್ಷೆ ಮಾಡಿದೀನಿ ಅಂತ ಸಹಿ ಹಾಕಿರೋನು ನಾನು. ಕೆಲಸ ಹೋದ್ರೆ ಕ್ವಾರ್ಟರ್ಸ್ ಹೋಗುತ್ತೆ. ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ? ಅಪ್ಪ ಹೋದ ಮೇಲೆ ಈ ಮಿಷನ್ ನಿಂಗೆ ತಂದುಕೊಟ್ಟಿದ್ದು ಯಾರು?”

ಆ ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅವನು ಹೆಗಲ ಮೇಲೆ ಮಿಷನ್ ಹೊತ್ತು ಏರು ಹತ್ತಿ ಬಂದ ದಿನ ಅವಳಿಗೆ ಹದಿನೇಳು. ಹೆಗಲ ಚರ್ಮ ಸುಲಿದಿತ್ತು. ಆ ದಿನ ಅವಳು ಹೊಲಿದ ಮೊದಲ ಬಟ್ಟೆ ಅವನ ಅಂಗಿ, ಹೆಗಲಿಗೆ ಎರಡು ಪದರ ಕೊಟ್ಟಿದ್ದಳು, ಒತ್ತದಿರಲಿ ಎಂದು. ಎರಡು ಪದರದ ಚಾಳಿ ಅಲ್ಲಿಂದಲೇ ಹತ್ತಿದ್ದೋ ಏನೋ. ಅತಿಯಾದರೆ ಅಮೃತವೂ ವಿಷ ಎಂದು ಅಮ್ಮ ಹೇಳುತ್ತಿದ್ದದ್ದು ಅಡುಗೆಯ ವಿಷಯಕ್ಕೆ. ಹೊಲಿಗೆಗೂ ಸೇರಿಸಬೇಕಾಗಿತ್ತು.

“ನೀನೇ ತಂದುಕೊಟ್ಟದ್ದು,” ಎಂದಳು. “ಅದರಲ್ಲೇ ನಾನು ನರ್ಸಮ್ಮನ ಕೈ ಮುರಿದದ್ದು.”

“ಹಾಗೆಲ್ಲ ಅನ್ಬೇಡ. ಬೇಕೂಂತ ಮಾಡಿದ್ಯಾ?”

“ಬೇಕೂಂತ ಮಾಡ್ಲಿಲ್ಲ. ಆದ್ರೆ ಆರು ವಾರದಿಂದ ಬೇಕೂಂತ ಸುಮ್ನಿದೀನಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದಾರೆ, ನಾವಿಬ್ರೂ ನಿಂತು ನೋಡ್ತಿದೀವಿ. ಅಣ್ಣ, ಆ ಮನುಷ್ಯ ತನ್ನ ಕಣ್ಣನ್ನೇ ನಂಬ್ತಿಲ್ಲ. ಕಂಡದ್ದನ್ನ ಕಂಡಿಲ್ಲ ಅಂತ ಬರೆದುಕೊಡೋಕೆ ಕೂತಿದಾನೆ. ಅವನಿಗೆ ಬೇರೆ ಕೆಲಸ ಸಿಗಬಹುದು. ಬೇರೆ ಕಣ್ಣು ಎಲ್ಲಿ ಸಿಗುತ್ತೆ?”

ಅವಳು ಮಿಷನ್ ತುಳಿಯತೊಡಗಿದಳು. ಕೊಡೆಬಟ್ಟೆ ಸೂಜಿಯ ಕೆಳಗೆ ಜಾರಿ ಜಾರಿ ಹೋಗುತ್ತಿತ್ತು. ಅದನ್ನು ಎಳೆಯಬಾರದು, ಒತ್ತಬಾರದು, ಬೆರಳ ತುದಿಯಿಂದ ದಾರಿ ತೋರಿಸಬೇಕು ಅಷ್ಟೆ. ತಾನು ಈ ಬಟ್ಟೆಯನ್ನು ಮೊದಲಿನಿಂದಲೂ ಕೀಳಾಗಿ ಕಂಡಿದ್ದೆ ಎಂದು ಹೊಳೆಯಿತು. ಬೆರಳಿಗೆ ತೂಕವಿಲ್ಲ, ಕಣ್ಣಿಗೆ ಘನತೆಯಿಲ್ಲ, ಹೊಲಿದದ್ದು ತೋರುವುದೇ ಇಲ್ಲ. ತೋರಬೇಕಾದದ್ದು ಹೊಲಿಗೆಯಲ್ಲ, ಗಾಳಿ. ಇಷ್ಟು ಸಣ್ಣ ವಿಷಯ ಇಪ್ಪತ್ತೈದು ವರ್ಷದ ಕಸುಬಿನಲ್ಲಿ ತಲೆಗೆ ಹೋಗಿರಲಿಲ್ಲ. ಯಾವಾಗಲೋ ತಲೆ ಎತ್ತಿದಾಗ ಬೆಂಚು ಖಾಲಿಯಿತ್ತು. ಎರಡೂವರೆ. ಹಳೆಯ ತೋಳಿನ ಬಾಯಿಗಿದ್ದ ತಂತಿಯ ಬಳೆಯನ್ನು ಬಿಚ್ಚಿ ಹೊಸದಕ್ಕೆ ಹೊಲಿದಳು. ಕೋಟಿನ ಲೈನಿಂಗನ್ನೂ ಮುಗಿಸಿದಳು. ಅರ್ಧಕ್ಕೆ ಬಿಟ್ಟುಹೋದಳು ಎನ್ನಿಸಿಕೊಳ್ಳುವುದು ಬೇಡ. ಒಂದು ಕೈಯಲ್ಲಿ ಕೋಟು, ಇನ್ನೊಂದು ಕೈಯಲ್ಲಿ ತೋಳು ಹಿಡಿದು, ಈ ಸಲ ತಲೆ ಎತ್ತಿ ಕಂಬವನ್ನು ನೋಡುತ್ತಲೇ ನಡೆದಳು. ಗಾಳಿ ಮಧ್ಯಮವಾಗಿ ಬೀಸುತ್ತಿತ್ತು. ಅವಳ ಸೆರಗು ಹಾರುತ್ತಿತ್ತು. ಕಂಬದ ಮೇಲೆ ಟಾರ್ಪಾಲು ತೂಕಡಿಸುತ್ತಿತ್ತು.

ಕಚೇರಿಗೆ ಹೋಗಲಿಲ್ಲ. ಒಳಗೆ ಹೋದರೆ ಮತ್ತೆ ಯಾರಾದರೂ ಏನಾದರೂ ಕೈಗೆ ಕೊಡುತ್ತಾರೆ. ನೇರ ಕಂಬದ ಬುಡಕ್ಕೆ ಹೋಗಿ, ಕೋಟನ್ನು ಕಲ್ಲಿನ ಮೇಲಿಟ್ಟು, ಹಗ್ಗದ ಗಂಟಿಗೆ ಕೈ ಹಾಕಿದಳು. ಗಂಟು ಬಿಸಿಲು ಮಳೆ ಕುಡಿದು ಕಲ್ಲಾಗಿತ್ತು. ಉಗುರು ಮುರಿಯಿತು. ಹಲ್ಲು ಹಾಕಿದಳು. ಜೀಪಿನ ಡ್ರೈವರ್ ಮೊದಲು ನೋಡಿದ, ಆಮೇಲೆ ಜಗಲಿಯಿಂದ ಪೈಲಟ್ ಕೂಗಿದ, ಅವನ ಕೂಗಿಗೆ ಅಧಿಕಾರಿ ಹೊರಗೆ ಬಂದ. ಆರೋಗ್ಯ ಕೇಂದ್ರದ ಗೇಟಿನಲ್ಲಿ, ಸಹಿ ಹಾಕುವುದನ್ನು ಕಣ್ಣಾರೆ ನೋಡಲು ಹೊರಟಿದ್ದ ನರ್ಸಮ್ಮ ಅಲ್ಲಿಂದಲೇ ಈ ಕಡೆ ತಿರುಗಿದರು. ಎಲ್ಲರೂ ಬಂದು ನಿಂತಾಗ ಟೈಲರಮ್ಮ ಹಗ್ಗ ಕಚ್ಚಿಕೊಂಡಿದ್ದಳು. ಇದಕ್ಕಿಂತ ಅವಮಾನದ ಭಂಗಿ ಇನ್ನೊಂದಿಲ್ಲ ಎಂದು ಒಂದು ಕ್ಷಣ ಅನ್ನಿಸಿತು, ಆದರೆ ಬಿಡಲಿಲ್ಲ.

“ಏನಮ್ಮಾ ಇದು? ಸರ್ಕಾರದ ಕಂಬ ಅದು,” ಎಂದ ಅಧಿಕಾರಿ.

“ಸರ್, ಎರಡು ನಿಮಿಷ. ಇದನ್ನೂ ಅದರ ಪಕ್ಕ ಕಟ್ಟಿ ನೋಡಿ. ಆಮೇಲೆ ನನ್ನನ್ನ ಏನು ಬೇಕಾದ್ರೂ ಮಾಡಿ.”

ಯಾರೂ ಅಲುಗಲಿಲ್ಲ. ಆಗ ಷೆಡ್ಡಿನ ಹಿಂದಿನಿಂದ ಅಣ್ಣ ಬಂದ. ಅವಳ ಕಡೆ ನೋಡಲಿಲ್ಲ. “ಬಿಡು ಅತ್ಲಾಗೆ,” ಎಂದ. “ಹಾಗೆ ಎಳೆದ್ರೆ ಇನ್ನೂ ಬಿಗಿಯಾಗುತ್ತೆ. ಆ ಗಂಟು ನಿನ್ನ ಕೈಲಾಗೋದಲ್ಲ.” ಹೆಬ್ಬೆರಳಿನಿಂದ ಗಂಟಿನ ಹೊಟ್ಟೆಯನ್ನು ಹಿಂದಕ್ಕೆ ಒತ್ತಿದ, ಅದು ಸಡಿಲವಾಗಿ ಬಿಚ್ಚಿಕೊಂಡಿತು. ಹಗ್ಗ ಇಳಿಸಿ, ಹೊಸ ತೋಳನ್ನು ಟಾರ್ಪಾಲಿನದರ ಕೆಳಗೆ ಒಂದು ಮೊಳ ಬಿಟ್ಟು ಕಟ್ಟಿದ, ಎರಡನ್ನೂ ಒಟ್ಟಿಗೆ ಏರಿಸಿದ. ಅವನ ಕತ್ತಿನ ನರಗಳು ಉಬ್ಬಿದ್ದವು.

ಕೊಡೆಬಟ್ಟೆ ಅರ್ಧ ದಾರಿಯಲ್ಲೇ ಬಾಯಿ ತೆರೆದು ಗಾಳಿ ನುಂಗಿತು. ತುದಿ ಮುಟ್ಟುವುದರೊಳಗೆ ಎದ್ದು, ಬಿರ್ರನೆ ಸದ್ದು ಮಾಡುತ್ತ, ಹಳ್ಳದ ಕಡೆಗೆ ಉದ್ದಕ್ಕೆ ಚಾಚಿ ನಿಂತಿತು. ಹಳ್ಳದಲ್ಲಿ ಇನ್ನೂ ವಿಮಾನದ ಬಾಲ ಕಾಣುತ್ತಿತ್ತು. ಮೇಲೆ, ಅದೇ ಗಾಳಿಯಲ್ಲಿ, ಟಾರ್ಪಾಲಿನ ತೋಳು ಬುಡದಲ್ಲಿ ಕೊಂಚ ಉಬ್ಬಿ, ಮೊಣಕೈಯಿಂದ ಕೆಳಕ್ಕೆ ಜೋತುಬಿದ್ದಿತ್ತು.

ಪೈಲಟ್ ತಲೆ ಎತ್ತಿ ನೋಡುತ್ತಲೇ ಇದ್ದ. ಅವನ ಬಾಯಿ ಅಲುಗಾಡಿತು. “ಅದೇ,” ಎಂದ. “ನಾನು ನೋಡಿದ್ದು ಅದೇ. ಹೀಗೇ ಇತ್ತು. ಹೀಗೇ.” ಅಲ್ಲೇ ಜಲ್ಲಿಯ ಮೇಲೆ ಕೂತು, ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು, ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ. ಯಾರೂ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಆ ಅಳುವೇ ಸಮಾಧಾನ ಎಂದು ಎಲ್ಲರಿಗೂ ಗೊತ್ತಾಯಿತು.

ಅಧಿಕಾರಿ ಫಾರ್ಮು ತರಿಸಿದ. ಮುಂದೆ ಓದಿದ, ಹಿಂದೆ ತಿರುಗಿಸಿದ. “ಇದಕ್ಕೆ ಕಾಲಂ ಇಲ್ವಲ್ಲ,” ಎಂದು ತನ್ನಷ್ಟಕ್ಕೇ ಹೇಳಿಕೊಂಡ. “ಹರಿದಿತ್ತೇ ಅಂತಿದೆ. ಹರಿಯದಷ್ಟು ಗಟ್ಟಿ ಇತ್ತೇ ಅಂತ ಯಾರೂ ಕೇಳಿಲ್ಲ.” ಖಾಲಿ ಬೆನ್ನಿನ ಮೇಲೆ ಪೆನ್ನು ಇಟ್ಟ. “ಹೊಲಿದದ್ದು ಯಾರು?”

“ನಾನು ಸರ್. ಎರಡನ್ನೂ ನಾನೇ.”

“ಬಟ್ಟೆ ಬದಲಾಯಿಸೋಕೆ ಹೇಳಿದ್ದು ಯಾರು?”

ಅಣ್ಣನ ಉಸಿರು ಅವಳಿಗೆ ಕೇಳಿಸಿತು. “ಯಾರೂ ಹೇಳಲಿಲ್ಲ. ಹರಿಯದ ಹಾಗೆ ಹೊಲಿಬೇಕು ಅಂತ ನನಗೇ ಹಟ ಬಂತು. ಅವತ್ತು ಗಾಳಿಯಲ್ಲಿ ಅದು ಜೋತುಬಿದ್ದಿದ್ದು ನಾನು ನೋಡಿದೀನಿ. ವಿಮಾನ ಇಳಿಯೋ ಮೊದಲೇ ನೋಡಿದೀನಿ. ಅದನ್ನೂ ಬರ್ಕೊಳ್ಳಿ.”

“ನಾನೂ ನೋಡಿದೀನಿ,” ಎಂದ ಅಣ್ಣ. “ಸರಿಯಾಗಿದೆ ಅಂತ ಸಹಿ ಹಾಕಿದೋನು ನಾನು. ಅವಳೊಬ್ಬಳದ್ದೇ ಬರೀಬೇಡಿ.”

ಬರೆಯುವುದು ಮುಗಿಯುವವರೆಗೆ ನರ್ಸಮ್ಮ ಕಂಬದ ಮೇಲೆ ಎರಡು ತೋಳು ನೋಡಿದರು, ತನ್ನ ಕೈ ನೋಡಿಕೊಂಡರು, ಎದೆಯ ಮೇಲಿನ ಐದು ಟಿಚ್ ಬಟನ್ ನೋಡಿಕೊಂಡರು. ಆಮೇಲೆ ಹತ್ತಿರ ಬಂದರು.

“ಬೆಳಿಗ್ಗೆ ಈ ಗುಂಡಿ ಹಾಕುವಾಗ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ನರ್ಸಮ್ಮ.”

“ನಾನು ಆ ಹುಡುಗನ್ನ ಅಷ್ಟೊಂದು ಶಪಿಸ್ತಿದ್ದಾಗ?”

“ಆಗಲೂ.”

“ನನ್ನ ಉಳಿದೆರಡು ಅಂಗಿ ವಾಪಸ್ ಕಳಿಸಿಬಿಡು,” ಎಂದರು ನರ್ಸಮ್ಮ. “ನಾಳೆ ಬೇಡ. ಇವತ್ತೇ.” ತಿರುಗಿ, ಜಲ್ಲಿಯ ಮೇಲೆ ಕೂತಿದ್ದವನ ಹತ್ತಿರ ಹೋಗಿ, ಎಡಗೈಯಿಂದ ಅವನ ತೋಳು ಹಿಡಿದು ಎಬ್ಬಿಸಿದರು. ಟೈಲರಮ್ಮನಿಗೆ ಅಳು ಬಂತು, ಅತ್ತಳು. ಆದರೆ ಬೆಳಿಗ್ಗೆ ಗಲ್ಲದ ಮೇಲೆ ಉರಿದದ್ದು ಈಗ ಉರಿಯುತ್ತಿರಲಿಲ್ಲ. ಕಾಗದದ ಬೆನ್ನಿನ ಮೇಲೆ ಅವಳ ಸಹಿ, ಅದರ ಕೆಳಗೆ ಅಣ್ಣನದು. ಅಧಿಕಾರಿ ಕೋಟು ತೊಟ್ಟುಕೊಂಡ, ಕೈ ಸರಿಯಾದ ಕಡೆಗೇ ಹೋಯಿತು. ಅಣ್ಣನಿಗೆ ಏನಾಗುತ್ತದೆಂದು ಅವನು ಹೇಳಲಿಲ್ಲ, ಮೇಲಿನವರಿಗೆ ಬರೆಯುತ್ತೇನೆ ಎಂದಷ್ಟೇ ಹೇಳಿದ. ಜೀಪು ನಾಲ್ಕೂಕಾಲಿಗೆ ಹೊರಟಿತು.

ಧೂಳು ಇಳಿದ ಮೇಲೆ ಅಣ್ಣ ತಂಗಿ ಇಬ್ಬರೇ ಉಳಿದರು. ಅವನು ಹಗ್ಗ ಇಳಿಸಿ ಟಾರ್ಪಾಲನ್ನು ಬಿಚ್ಚಿ ಕೆಳಗೆ ಹಾಕಿದ. ಅದು ದೊಪ್ಪನೆ ಬಿತ್ತು. ಕೊಡೆಬಟ್ಟೆಯ ತೋಳನ್ನು ಕಬ್ಬಿಣದ ಬಳೆಗೆ ಕಟ್ಟುತ್ತ, ಹೊಲಿಗೆಯ ಮೇಲೆ ಬೆರಳಾಡಿಸಿ, ಅಂಚನ್ನು ಬೆಳಕಿಗೆ ಹಿಡಿದು ನೋಡಿದ.

“ಇದು ಎರಡು ತಿಂಗಳಿಗೆ ಹರಿದುಹೋಗುತ್ತೆ. ಗೊತ್ತಲ್ಲ?” ಎಂದ.

“ಹರೀಲಿ,” ಎಂದಳು ಅವಳು. “ಮತ್ತೆ ಹೊಲಿತೀನಿ.”